ಬಟ್ಟೆ ಬಿಳಿಯಾಗಿಯೇ ಬರುವ ತನಕ

“ಪಾತ್ರೆ ಸರಿಯಾಗಿ ತೊಳೀದೇ ಇದ್ರೆ ಎಂಥಾ ಅಡುಗೆ ಮಾಡಿದ್ರೂ ಹೊಟ್ಟೆ ಕೆಡುತ್ತೆ, ಅಲ್ವಾ ಮೇಸ್ತ್ರಿ?” ಎನ್ನುತ್ತಾರೆ ಹಲ್ಲಿನ ಡಾಕ್ಟರು.

ಮಾತು ಪಾತ್ರೆಯದಲ್ಲ, ಎಂಜಿನ್ನಿನದು. ಕೇಳಿದ್ದು ಮೇಸ್ತ್ರಿಯನ್ನು. ಹೋಗಿ ತಾಗಿದ್ದು ಮಾತ್ರ ಗ್ಯಾರೇಜಿನ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ಬಗ್ಗಿ ನಿಂತಿರುವ ಹೆಂಗಸಿಗೆ. ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಡಾಕ್ಟರು ಕ್ಲಿನಿಕ್ಕು ತೆರೆಯುವ ಮುಂಚೆಯೇ ಬಂದುಬಿಟ್ಟಿದ್ದಾರೆ. ಅವರ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅಂಗಳದಲ್ಲಿ ಬಾನೆಟ್ಟು ಎತ್ತಿಕೊಂಡು, ಅವರದೇ ಕುರ್ಚಿಯಲ್ಲಿ ಬಾಯಿ ಕಳೆದು ಕೂತ ರೋಗಿಯ ಹಾಗೆ ನಿಂತಿದೆ. ಎಂಜಿನ್ನನ್ನು ನಿನ್ನೆ ಸಂಜೆಯೇ ಇಳಿಸಿ ಸ್ಟ್ಯಾಂಡಿಗೆ ಕಟ್ಟಿಟ್ಟಿದ್ದಾರೆ. ಬಿಚ್ಚುವುದಷ್ಟೇ ಬಾಕಿ.

“ಮೆಲ್ಲಗೆ ಡಾಕ್ಟ್ರೇ,” ಎನ್ನುತ್ತಾರೆ ಮೇಸ್ತ್ರಿ. “ತಗಡಿಗೂ ಕಿವಿ ಇರುತ್ತೆ.”

“ನಾನು ಯಾರನ್ನೂ ಅಂದಿಲ್ಲಪ್ಪ. ನಿಮ್ಮ ಹತ್ರ ಇಷ್ಟು ಖರ್ಚು ಮಾಡಿ ಎಂಜಿನ್ ಕಟ್ಟಿಸಿ, ನಾಲ್ಕು ತಿಂಗಳು ಕಾದು, ಮೊದಲನೇ ಸಲ ಹೆಂಡ್ತಿನ ಕೂರಿಸ್ಕೊಂಡು ಗುಡ್ಡದ ರಸ್ತೆ ಹತ್ತಿದ್ರೆ ಅರ್ಧ ದಾರಿಲಿ ಟಕ ಟಕ ಅನ್ನೋಕೆ ಶುರು ಮಾಡ್ತು. ‘ಇದು ಎಂಜಿನ್ ಶಬ್ದನಾ, ನೀವು ಹಲ್ಲು ಕಡೀತಿದೀರಾ?’ ಅಂತ ಕೇಳಿದ್ಲು ಅವಳು. ಏನು ಹೇಳ್ಲಿ?”

ಶೆಡ್ಡಿನ ಒಳಗಿನಿಂದ ಒಂದು ದನಿ ಬರುತ್ತದೆ. ಜೋರಿಲ್ಲ, ಮೆತ್ತಗೂ ಇಲ್ಲ.

“ಬಿಚ್ಚಿ ನೋಡಿ ಡಾಕ್ಟ್ರೇ. ಕಲ್ಲುಪುಡಿ ಸಿಕ್ರೆ ಅದು ನಂದು.”

ಮೇಸ್ತ್ರಿ ಜೇಬಿನಿಂದ ಸಣ್ಣ ತಗಡಿನ ಡಬ್ಬಿ ತೆಗೆದು, ಅದರೊಳಗಿನ ಮೆತ್ತನೆಯ ಬಟ್ಟೆಯಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ. ಆ ಡಬ್ಬಿಯನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಗ್ಯಾರೇಜಿನ ಯಾವ ಬಟ್ಟೆಯೂ ಅವರ ಕನ್ನಡಕಕ್ಕೆ ತಾಗುವ ಹಾಗಿಲ್ಲ. ಒಮ್ಮೆ ಯಾರೋ ಉಪಕಾರ ಮಾಡಲು ಹೋಗಿ ಅಲ್ಲೇ ಬಿದ್ದಿದ್ದ ಬಟ್ಟೆಯಿಂದ ಒರೆಸಿಕೊಟ್ಟು, ಗಾಜಿನ ತುಂಬ ಗೀರು ಬಿದ್ದು, ಮೇಸ್ತ್ರಿ ಒಂದು ವಾರ ಮಂಜಿನಲ್ಲಿ ನಡೆದಾಡಿದವರಂತೆ ಇದ್ದರಂತೆ. ಅಂದಿನಿಂದ ಈ ಡಬ್ಬಿ.

ಒಳಗಿರುವ ಹೆಂಗಸನ್ನು ಎಲ್ಲರೂ ಕರೆಯುವುದು ‘ಬಿಳಿಬಟ್ಟೆ ಅಕ್ಕ’ ಎಂದು. ಎದುರಿಗಾದರೆ ಬರೀ ಅಕ್ಕ. ವಯಸ್ಸು ಐವತ್ತರ ಮೇಲೆ. ಗ್ಯಾರೇಜಿನ ಬೀಗ ತೆಗೆಯುವುದು ಅವರೇ, ಏಕೆಂದರೆ ತೊಟ್ಟಿ ಕಾಯಲು ಹೊತ್ತು ಬೇಕು. ನೀರು ಹದಕ್ಕೆ ಬಂತೋ ಇಲ್ಲವೋ ಎಂದು ಅವರು ಕೈ ಅದ್ದಿ ನೋಡುವುದಿಲ್ಲ. ತೊಟ್ಟಿಯ ಮೇಲಿನ ತಗಡಿಗೆ ಹಬೆ ಹಿಡಿದು ಹನಿ ಉದುರಲು ಶುರುವಾದರೆ ಬಂತು ಎಂದರ್ಥ. ಆಮೇಲೆ ಸೋಪಿನ ಪುಡಿ, ಆಮೇಲೆ ಸರಪಳಿಯಲ್ಲಿ ತೂಗಿ ಇಳಿಬಿಟ್ಟ ಎಂಜಿನ್ ಬ್ಲಾಕು, ಆಮೇಲೆ ಅವರ ಬ್ರಶ್ಶುಗಳು. ಬೆರಳಿನಷ್ಟು ದಪ್ಪದ್ದರಿಂದ ಹಿಡಿದು ಕಡ್ಡಿಯಷ್ಟು ಸಪೂರದ್ದರವರೆಗೆ ಒಂದು ಸಾಲು ಬ್ರಶ್ಶುಗಳು ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿವೆ.

ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚಿ ಕಟ್ಟುವುದೆಂದರೆ ಜನರ ಕಣ್ಣಿಗೆ ಬೀಳುವುದು ಪಿಸ್ಟನ್ನು, ಕ್ರ್ಯಾಂಕು, ಹೊಳೆಯುವ ಹೊಸ ಬೇರಿಂಗು, ಮೇಸ್ತ್ರಿಯ ಕೈಚಳಕ. ಕಟ್ಟಿದ ಮೇಲೆ ಫೋಟೋ ತೆಗೆಸಿಕೊಳ್ಳುವವರೂ ಅವರೇ. ಆದರೆ ಎಂಜಿನ್ನಿನ ಒಳಗೆ, ನಮ್ಮ ಮೈಯಲ್ಲಿ ನರ ಹರಿದ ಹಾಗೆ, ಎಣ್ಣೆ ಹರಿಯುವ ಸಣ್ಣ ಸಣ್ಣ ದಾರಿಗಳಿರುತ್ತವೆ. ಸಿಲಿಂಡರಿನ ಗೋಡೆಯನ್ನು ಕಲ್ಲಿನಿಂದ ಉಜ್ಜಿ ನಯ ಮಾಡುವಾಗ ಬೂದು ಬಣ್ಣದ ಪುಡಿ ಉದುರುತ್ತದೆ. ಇಲ್ಲಿಯವರು ಅದನ್ನೇ ಕಲ್ಲುಪುಡಿ ಎನ್ನುವುದು. ಚಿಟಿಕೆಯಷ್ಟು ಪುಡಿ ಆ ದಾರಿಯಲ್ಲಿ ಉಳಿದರೂ ಸಾಕು, ಹೊಸ ಬೇರಿಂಗನ್ನು ಮರಳುಕಾಗದದ ಹಾಗೆ ತಿಂದುಹಾಕುತ್ತದೆ. ತಿಂಗಳುಗಟ್ಟಲೆಯ ಕೆಲಸ, ಎಣಿಸಿ ಕೊಟ್ಟ ದುಡ್ಡು, ಎಲ್ಲ ಒಂದೇ ಪ್ರಯಾಣದಲ್ಲಿ ಮಣ್ಣುಪಾಲು.

ಅದಕ್ಕೇ ಇಲ್ಲಿ ಒಂದು ಪದ್ಧತಿ. ತೊಳೆದು, ಗಾಳಿ ಊದಿ ಒಣಗಿಸಿ, ಎಣ್ಣೆ ಸವರಿದ ಮೇಲೆ ಅಕ್ಕ ಅಂಗೈಯಗಲದ ಬಿಳಿ ಬಟ್ಟೆಯಲ್ಲಿ ಎಂಜಿನ್ನಿನ ಒಳಮೈಯನ್ನೆಲ್ಲ ಒರೆಸುತ್ತಾರೆ. ಬಟ್ಟೆಗೆ ಬೂದು ಬಣ್ಣ ಹತ್ತಿದರೆ ಮತ್ತೆ ತೊಟ್ಟಿಗೆ. ಬಿಳಿಯಾಗಿಯೇ ಬಂದರೆ ಅದನ್ನು ತಂದು ಮೇಸ್ತ್ರಿಯ ಕೈಗೆ ಕೊಡುತ್ತಾರೆ. ಆ ಬಟ್ಟೆ ಕೈಗೆ ಬಂದ ಮೇಲೆಯೇ ಮೇಸ್ತ್ರಿ ಸ್ಪ್ಯಾನರ್ ಎತ್ತುವುದು. ಇಪ್ಪತ್ತು ವರ್ಷದ ಮೇಲಾಯಿತು, ಅಕ್ಕ ಒರೆಸಿದ ಜಾಗವನ್ನು ಇನ್ನೊಬ್ಬರು ಒರೆಸಿ ನೋಡಿದ್ದಿಲ್ಲ.

ಡಾಕ್ಟರ ಕಾರು ಕೆಟ್ಟು ಮರಳಿ ಬಂದ ದಿನದಿಂದ ಬೇರೆ ಎಂಜಿನ್ನುಗಳನ್ನು ಮೇಸ್ತ್ರಿ ಒರೆಸಿ ನೋಡುತ್ತಿದ್ದಾರೆ. ಬಾಯಿ ಬಿಟ್ಟು ಏನೂ ಹೇಳಿಲ್ಲ. ಅಕ್ಕ ಬಟ್ಟೆ ಕೊಟ್ಟು ಬೆನ್ನು ತಿರುಗಿಸಿದ ಮೇಲೆ ತಮ್ಮದೊಂದು ಹಳದಿ ಬಟ್ಟೆ ತೆಗೆದು ಮತ್ತೊಮ್ಮೆ ಒರೆಸುತ್ತಾರೆ. ಬೆನ್ನಿಗೆ ಕಣ್ಣಿಲ್ಲವೆಂದು ಅವರ ಲೆಕ್ಕ. ಅಕ್ಕ ಮೊದಲ ದಿನವೇ ಕಂಡಿದ್ದಾರೆ.

“ಬೈದಿದ್ರೆ ಬೇಜಾರಿರ್ಲಿಲ್ಲ,” ಎನ್ನುತ್ತಾರೆ ಅಕ್ಕ, ಬ್ರಶ್ಶಿನ ಕೂದಲು ತೊಳೆಯುತ್ತ. “ಬೈಗುಳ ಕೇಳಿ ಕೇಳಿ ಕಿವಿ ಗಟ್ಟಿಯಾಗಿದೆ. ಆ ಹಳದಿ ಬಟ್ಟೆಗೆ ಕಣ್ಣು ಮಾತ್ರ ಇನ್ನೂ ಗಟ್ಟಿಯಾಗಿಲ್ಲ.”

ಅದನ್ನು ಕಂಡ ದಿನ ಸಂಜೆ ಮನೆಗೆ ಹೋದವರು ಗಂಡನಿಗೆ ಹೇಳಿಯೇ ಇಟ್ಟಿದ್ದಾರೆ: ಬಿಚ್ಚಿದಾಗ ಕಲ್ಲುಪುಡಿ ಕಂಡರೆ ಮಾರನೆಯ ದಿನದಿಂದ ಬೀಗದ ಕೈ ಬೇರೆಯವರಿಗೆ.

*

ಮನೆ ಎರಡು ಬೀದಿ ಆಚೆ. ಕೆಳಗಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ, ಮೇಲಿನ ಕೋಣೆಯಲ್ಲಿ ಸಂಸಾರ. ಕೋಟಿನ ಒಳಪದರಕ್ಕೆ ತಂದ ಬಟ್ಟೆಯಲ್ಲಿ ಉಳಿದ ಬಿಳಿ ಚೂರುಗಳನ್ನು ಗಂಡ ಅಂಗೈಯಗಲಕ್ಕೆ ಕತ್ತರಿಸಿ, ಅಂಚು ಮಡಿಸಿ ಹೊಲಿದು ಕೊಡುತ್ತಾರೆ. ಅಂಚು ಹೊಲಿಯದಿದ್ದರೆ ನೂಲು ಬಿಡುತ್ತದೆ. ಒಂದು ಎಳೆ ನೂಲು ಎಣ್ಣೆಯ ದಾರಿಗೆ ಹೊಕ್ಕರೂ ಕೆಲಸ ಕೆಟ್ಟಿತು. ಪೇಟೆಯಲ್ಲಿ ಯಾರೂ ಕೊಳ್ಳದ ಈ ಕರವಸ್ತ್ರಗಳನ್ನು ಹೊಲಿಯುವಾಗ ಅವರು ಮದುಮಗನ ಕೋಟು ಹೊಲಿಯುವಷ್ಟೇ ಗಂಭೀರವಾಗಿರುತ್ತಾರೆ.

ಎಂಬತ್ತು ದಾಟಿದ ಅತ್ತೆಗೆ ಇದೆಲ್ಲ ತಮಾಷೆ. “ಮನೇಲಿ ನಾಲ್ಕು ಲೋಟ ತೊಳೆಯೋಕೆ ಸೊಂಟ ನೋವು ಅಂತಾಳೆ,” ಎಂದು ಬಂದವರೆದುರು ದೂರು ಹೇಳುತ್ತಾರೆ, “ಊರಿನವರ ಎಂಜಿನ್ ಮಾತ್ರ ಮಗೂಗೆ ಎಣ್ಣೆನೀರು ಹಾಕಿದ ಹಾಗೆ ತೊಳೀತಾಳೆ.”

“ನಿಮ್ಮ ಲೋಟಕ್ಕೂ ಬಿಳಿ ಬಟ್ಟೆ ಹಾಕ್ಲಾ ಅತ್ತೆ? ಆಮೇಲೆ ಏನು ಬಣ್ಣ ಬಂತು ಅಂತ ಕೇಳ್ಬಾರ್ದು,” ಎನ್ನುತ್ತಾರೆ ಸೊಸೆ.

ಅಕ್ಕ ಈ ಕೆಲಸಕ್ಕೆ ಬಂದದ್ದು ದಾರಿ ತಪ್ಪಿ. ಮದುವೆಗೆ ಮುಂಚೆಯೂ ಆಮೇಲೂ ಅವರು ಒಂದು ಔಷಧಿ ಕಾರ್ಖಾನೆಯಲ್ಲಿ ಸೀಸೆ ತೊಳೆಯುತ್ತಿದ್ದರು. ಬ್ರಶ್ಶು ತಿರುಗಿಸುವುದು, ತಲೆಕೆಳಗೆ ಮಾಡುವುದು, ದೀಪದ ಎದುರು ಹಿಡಿದು ನೋಡುವುದು. ಸೀಸೆಯಲ್ಲಿ ಕಾಣದ ಕೊಳೆಯೇ ಕಾಯಿಲೆ ತರುವುದು ಎಂದು ಅಲ್ಲಿನ ಮೇಲ್ವಿಚಾರಕಿ ದಿನವೂ ಹೇಳುತ್ತಿದ್ದಳಂತೆ. ಗಾಜಿನ ಸೀಸೆ ಹೋಗಿ ಪ್ಲಾಸ್ಟಿಕ್ ಬಂತು. ತೊಳೆಯುವವರು ಮನೆಗೆ ಹೋದರು. ನೆರೆಯವರ ಮಾತಿನ ಮೇಲೆ ಗ್ಯಾರೇಜಿನ ಕಸ ಗುಡಿಸಲು ಸೇರಿದ ಅಕ್ಕ, ಒಂದು ದಿನ ಮೇಸ್ತ್ರಿ ಡೀಸೆಲ್ಲಿನಲ್ಲಿ ಅದ್ದಿ ತೆಗೆದು ‘ಆಯ್ತು’ ಎಂದು ಇಟ್ಟಿದ್ದ ಬ್ಲಾಕೊಂದರ ತೂತಿಗೆ ಕಣ್ಣಿಟ್ಟು, ಆಚೆ ಕಡೆಯಿಂದ ದೀಪ ಹಿಡಿಸಿದರು.

“ಮೇಸ್ತ್ರಿಗಳೇ, ಇದು ಸೀಸೆ ಆಗಿದ್ರೆ ನಮ್ಮ ಕಾರ್ಖಾನೇಲಿ ನನ್ನ ಕೆಲಸ ಹೋಗಿರೋದು.”

ಮೇಸ್ತ್ರಿ ನಕ್ಕು, “ಹಾಗಾದ್ರೆ ತೊಳಿಯಮ್ಮ ತಾಯಿ,” ಎಂದರಂತೆ. ಅಂದು ಕೈಗೆ ಬಂದ ಬ್ರಶ್ಶು ಇಂದಿಗೂ ಇಳಿದಿಲ್ಲ. ವಾರಕ್ಕೆ ಎರಡು ಎಂಜಿನ್, ಕೆಲವೊಮ್ಮೆ ಮೂರು. ಕೈಗವಸು ಹಾಕಿದರೂ ಚಳಿಗಾಲದಲ್ಲಿ ಬೆರಳ ಸಂದುಗಳು ಬಿರಿಯುತ್ತವೆ. ಭಾರ ಎತ್ತಲು ಸರಪಳಿ ಇದೆ, ಬಗ್ಗಲು ಸರಪಳಿ ಇಲ್ಲ, ಹಾಗಾಗಿ ಸೊಂಟ ಸಂಜೆಗೆ ಲೆಕ್ಕ ಕೇಳುತ್ತದೆ. ಸಂಬಳ ಮೇಸ್ತ್ರಿಯ ಕೈಕೆಳಗಿನ ಫಿಟ್ಟರುಗಳಿಗಿಂತ ಕಡಿಮೆ. ಗಿರಾಕಿಗಳಲ್ಲಿ ಅವರ ಮುಖ ನೋಡಿದವರು ಬೆರಳೆಣಿಕೆಯಷ್ಟು.

ಆದರೆ ಗಿರಾಕಿಗಳ ಸುದ್ದಿಯೆಲ್ಲ ಅಕ್ಕನ ಕಿವಿಗೆ ಬಿದ್ದೇ ಬೀಳುತ್ತದೆ. ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಒಂದು ಹುಚ್ಚು ಹಿಡಿಯುತ್ತದೆ. ಇದ್ದ ಎಂಜಿನ್ ಇಳಿಸಿ, ಬೇರೆ ಕಾರಿನ ದೊಡ್ಡ ಎಂಜಿನ್ ಕೂರಿಸುವ ಹುಚ್ಚು. ಡಾಕ್ಟರಿಗೂ ಹಿಡಿದಿತ್ತು. ಅವರ ಕಾರಿನ ಮೂಲ ಎಂಜಿನ್ ಬೇರಿಂಗು ಹೋಗಿ ಕುಸಿದಾಗ ಅವರು ಗುಜರಿಯಲ್ಲಿ ಆರು ಸಿಲಿಂಡರಿನದೊಂದನ್ನು ನೋಡಿಕೊಂಡೇ ಬಂದಿದ್ದರು.

“ಎಲ್ಲರೂ ಎಂಜಿನ್ ಬೆಲೆ ಕೇಳ್ಕೊಂಡು ಬರ್ತಾರೆ,” ಎನ್ನುತ್ತಾರೆ ಮೇಸ್ತ್ರಿ. “ಆನೆ ಅಗ್ಗ ಸಿಕ್ತು ಅಂತ ತಂದ್ರೆ ಆಯ್ತಾ? ಬಾಗಿಲು ಎತ್ತರಿಸ್ಬೇಕು, ನೆಲ ಗಟ್ಟಿ ಮಾಡ್ಬೇಕು. ಎಂಜಿನ್ನಿಗೆ ಒಂದು ಪಾಲು ಕೊಟ್ರೆ, ಅದನ್ನ ಕೂರಿಸೋಕೆ ಎರಡು ಪಾಲು. ಮೂರನೇ ಪಾಲು ಯಾವುದಕ್ಕೆ ಹೋಯ್ತು ಅಂತ ನನಗೂ ಗೊತ್ತಾಗಲ್ಲ, ಅವರಿಗೂ ಗೊತ್ತಾಗಲ್ಲ.”

ಎಂಜಿನ್ ಕೂರುವ ಕಾಲುಗಳನ್ನೇ ಹೊಸದಾಗಿ ಬೆಸೆಯಬೇಕು. ಹಳೆಯ ಗೇರ್‌ಬಾಕ್ಸು ಹೊಸ ಎಂಜಿನ್ನಿನ ಒದೆತ ತಾಳುವುದಿಲ್ಲ. ಅದನ್ನು ಬದಲಿಸಿದರೆ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿನ ಅಳತೆ ಕೂಡುವುದಿಲ್ಲ. ದೊಡ್ಡ ರೇಡಿಯೇಟರ್ ಬೇಕು, ಇಡಲು ಜಾಗವಿಲ್ಲ. ವೇಗ ಹೆಚ್ಚಿತೆಂದರೆ ಬ್ರೇಕು ಹಳೆಯದೇ ಸಾಕೇ? ವೈರುಗಳನ್ನೆಲ್ಲ ಜೋಡಿಸಿದ ಮೇಲೆ ಕಾರಿನ ಕಂಪ್ಯೂಟರು ಹೊಸ ಎಂಜಿನ್ನನ್ನು ಗುರುತೇ ಹಿಡಿಯುವುದಿಲ್ಲ. ಕೊನೆಗೆ ಕಾಗದಪತ್ರದ ನಂಬರಿಗೂ ಎಂಜಿನ್ನಿನ ನಂಬರಿಗೂ ತಾಳೆಯಾಗದೆ ವಿಮೆಯವರು ಕೈ ಎತ್ತುತ್ತಾರೆ. ಇಷ್ಟೆಲ್ಲ ದಾಟಿ ರಸ್ತೆಗಿಳಿದರೆ ಮುಂಭಾರ ಹೆಚ್ಚಾಗಿ, ಮೊದಲು ಚಿಟ್ಟೆಯಂತೆ ತಿರುಗುತ್ತಿದ್ದ ಕಾರು ತಿರುವಿನಲ್ಲಿ ಮೊಂಡು ಹಿಡಿಯುತ್ತದೆ. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ.

ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಒಂದು ನೀಲಿ ಕಾರು ಹೀಗೇ ಅರ್ಧಕ್ಕೆ ನಿಂತು ಮೂರು ವರ್ಷವಾಗಿದೆ. ಎಂಜಿನ್ ಇರಬೇಕಾದ ಗುಂಡಿಯಲ್ಲಿ ಬೆಕ್ಕು ಎರಡು ಸಲ ಮರಿ ಹಾಕಿದೆ. “ಮಾಲೀಕರು ಆಗಾಗ ಬಂದು ಟಾರ್ಪಾಲು ಎತ್ತಿ ನೋಡಿ ಹೋಗ್ತಾರೆ,” ಎನ್ನುತ್ತಾರೆ ಅಕ್ಕ. “ಪಾಪ, ಆಸ್ಪತ್ರೆಗೆ ಹಣ್ಣು ತಂದವರ ಹಾಗೆ. ಈಗೀಗ ಬೆಕ್ಕಿಗೆ ಬಿಸ್ಕತ್ತು ತರ್ತಾರೆ.”

ಆ ನೀಲಿ ಕಾರನ್ನು ತೋರಿಸಿಯೇ ಮೇಸ್ತ್ರಿ ಡಾಕ್ಟರ ಮನಸ್ಸು ತಿರುಗಿಸಿದ್ದು. ಇರುವ ಎಂಜಿನ್ನನ್ನೇ ಬಿಚ್ಚಿ ಕಟ್ಟೋಣ ಎಂದಾಯಿತು. ಅದಾದರೂ ಅಗ್ಗವೇನಲ್ಲ. ಮುಚ್ಚಿದ ಎಂಜಿನ್ನಿಗೆ ಒಂದು ಬೆಲೆ, ತೆರೆದ ಎಂಜಿನ್ನಿಗೆ ಇನ್ನೊಂದು. ತೆರೆದ ಮೇಲೆಯೇ ಗೊತ್ತಾಗುವುದು ಕ್ರ್ಯಾಂಕಿಗೂ ಗೀರು ಬಿದ್ದಿದೆ, ಹೆಡ್ಡೂ ಸೊಟ್ಟಗಾಗಿದೆ ಎಂದು. ಬಿಲ್ಲು ಬೆಳೆಯುತ್ತ ಹೋದಾಗ ಗಿರಾಕಿ ಎಲ್ಲಾದರೂ ಒಂದು ಕಡೆ ಕೈ ಬಿಗಿ ಹಿಡಿಯುತ್ತಾನೆ. ಡಾಕ್ಟರು ಕೈ ಬಿಗಿ ಹಿಡಿದದ್ದು ಆಯಿಲ್ ಕೂಲರಿನಲ್ಲಿ. ಬಿಸಿಯಾದ ಎಣ್ಣೆಯನ್ನು ತಣಿಸುವ, ಒಳಗೆ ಸಪೂರ ಕೊಳವೆಗಳ ಜಾಲವಿರುವ ಪೆಟ್ಟಿಗೆ ಅದು. ಹೊಸದು ಸುಲಭವಾಗಿ ಸಿಗುವುದಿಲ್ಲ. ತರಿಸಿದರೆ ಬೆಲೆ ಕೇಳುವ ಹಾಗಿಲ್ಲ, ಬರಲು ತಿಂಗಳುಗಳು ಬೇಕು.

“ಹಳೇದನ್ನೇ ತೊಳೆದು ಹಾಕೋಣ,” ಎಂದರು ಮೇಸ್ತ್ರಿ.

“ಬ್ರಶ್ಶು ಹೋಗದ ಜಾಗ ಅದು. ಬೇಡ ಮೇಸ್ತ್ರಿ,” ಎಂದಿದ್ದರು ಅಕ್ಕ.

“ತೊಳೆದು ನೋಡು. ನಿನ್ನ ಕೈಲಿ ಆಗದ್ದು ಏನಿದೆ?”

ಹೊಗಳಿಕೆಗೆ ಮೈ ಬಗ್ಗುತ್ತದೆ. ಎರಡು ದಿನ ಆ ಪೆಟ್ಟಿಗೆಗೆ ಡೀಸೆಲ್ ತುಂಬಿದರು, ಅಲುಗಿಸಿದರು, ಹಿಂದುಮುಂದಾಗಿ ಹರಿಸಿದರು. ಹೊರಬಂದ ಡೀಸೆಲ್ಲನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ಮೊದಮೊದಲು ಚಿನ್ನದ ಪುಡಿಯಂತೆ ಏನೋ ಮಿನುಗಿತು, ಆಮೇಲೆ ಮಿನುಗಲಿಲ್ಲ. ಕೂಲರು ಕಾರಿಗೆ ಹೋಯಿತು.

ಈಗ ಅಕ್ಕನ ತಲೆ ತಿನ್ನುತ್ತಿರುವುದು ಮಾತ್ರ ಆ ಕೂಲರಲ್ಲ. ಅದೇ ಎಂಜಿನ್ನಿನ ಬ್ಲಾಕು ತೊಳೆಯುವ ದಿನ ನಡುವೆಯೇ ಕರೆಂಟು ಹೋಗಿತ್ತು. ತೊಟ್ಟಿ ಆರಿತು. ಬ್ಲಾಕನ್ನು ಎತ್ತಿ, ಎಣ್ಣೆ ಸವರಿ, ಮುಚ್ಚಿಟ್ಟು, ಮಾರನೆಯ ದಿನ ಮತ್ತೆ ಶುರು ಮಾಡಿದರು. ಹಿಂಬದಿಯ ಕೊನೆಯ ಎಣ್ಣೆಯ ದಾರಿಯನ್ನು ತಿರುಪಿನ ಬಿರಡೆಯೊಂದು ಮುಚ್ಚಿರುತ್ತದೆ. ಅದನ್ನು ಬಿಚ್ಚಿ ಬ್ರಶ್ಶು ಹಾಕಿದ್ದು ಮೊದಲನೆಯ ದಿನವೋ, ಎರಡನೆಯ ದಿನವೋ, ಅಥವಾ ಮೊದಲನೆಯ ದಿನ ಹಾಕಿದೆನೆಂದುಕೊಂಡು ಎರಡನೆಯ ದಿನ ಬಿಟ್ಟೇಬಿಟ್ಟರೋ? ಎಷ್ಟು ನೆನೆದರೂ ಕೈ ನೆನಪಿಸಿಕೊಳ್ಳುತ್ತಿಲ್ಲ.

“ಬಿಳಿ ಬಟ್ಟೆ ಬಿಳಿಯಾಗೇ ಬಂದಿತ್ತು,” ಎನ್ನುತ್ತಾರೆ. “ಆದ್ರೆ ಬಿರಡೆ ಹಿಂದೆ ಬಟ್ಟೆ ಹೋಗಲ್ವಲ್ಲ. ಅಲ್ಲಿಗೆ ನನ್ನ ಬ್ರಶ್ಶು ಹೋಗಿತ್ತು ಅನ್ನೋದಕ್ಕೆ ನಾನೇ ಸಾಕ್ಷಿ. ಸಾಕ್ಷಿಗೇ ಮರೆತುಹೋದ್ರೆ?”

*

ಮೇಸ್ತ್ರಿ ಎಂಜಿನ್ನನ್ನು ತಲೆಕೆಳಗೆ ತಿರುಗಿಸುತ್ತಾರೆ. ಅಕ್ಕ ಕೈ ಒರೆಸಿಕೊಂಡು ಶೆಡ್ಡಿನಿಂದ ಅಂಗಳಕ್ಕೆ ಬರುತ್ತಾರೆ. ಎಂಜಿನ್ ಬಿಚ್ಚುವಾಗ ಅವರು ಹೊರಗೆ ಬಂದು ನಿಲ್ಲುವುದು ಅಪರೂಪ. ಫಿಟ್ಟರುಗಳಿಬ್ಬರು ತಮ್ಮ ಕೆಲಸ ಬಿಟ್ಟು, ಕೆಲಸ ಮಾಡುತ್ತಿರುವವರಂತೆ ನಿಂತಿದ್ದಾರೆ.

ಮೊದಲ ಬೇರಿಂಗಿನ ಬೋಲ್ಟು ಸಡಿಲಾಗುತ್ತದೆ. ಅರ್ಧಚಂದ್ರದ ಆಕಾರದ ತೆಳು ಲೋಹದ ತುಂಡನ್ನು ಮೇಸ್ತ್ರಿ ಬೆರಳಿನಲ್ಲಿ ಎಬ್ಬಿಸಿ ಬೆಳಕಿಗೆ ಹಿಡಿಯುತ್ತಾರೆ. ಕನ್ನಡಿಯ ಹಾಗೆ ಇರಬೇಕಾದದ್ದು ಬೆಕ್ಕು ಪರಚಿದಂತಾಗಿದೆ.

“ಪುಡಿ,” ಎನ್ನುತ್ತಾರೆ ಡಾಕ್ಟರು.

“ಪುಡಿನೇ. ಯಾವ ಪುಡಿ ಅಂತ ನೋಡ್ಬೇಕು,” ಎನ್ನುತ್ತಾರೆ ಮೇಸ್ತ್ರಿ.

ಬೂದು ಬಣ್ಣವಿದ್ದರೆ ಅದು ಕಲ್ಲುಪುಡಿ, ಅಂದರೆ ತೊಳೆದವರ ತಪ್ಪು. ಮೇಸ್ತ್ರಿ ಉಗುರಿನಿಂದ ಗೀರಿನೊಳಗಿನದನ್ನು ಎಬ್ಬಿಸಿ ಅಂಗೈಗೆ ಹಾಕಿಕೊಂಡು ಕಣ್ಣು ಕಿರಿದು ಮಾಡುತ್ತಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ. ಕೈ ಚಾಚಿ ಅಂಗೈಯನ್ನು ಅಕ್ಕನ ಮುಂದೆ ಹಿಡಿಯುತ್ತಾರೆ.

ಹಳದಿ ಮಿನುಗು.

“ಇದು ಹಳೇ ಬೇರಿಂಗಿಂದು, ಹೊಸದಕ್ಕೆ ಈ ಬಣ್ಣ ಇಲ್ಲ,” ಎನ್ನುತ್ತಾರೆ ಮೇಸ್ತ್ರಿ ಡಾಕ್ಟರಿಗೆ. “ನಿಮ್ಮ ಎಂಜಿನ್ ಮೊದಲ ಸಲ ಕೆಟ್ಟಾಗ ಉದುರಿದ್ದು. ಎಲ್ಲೋ ಅವಿತು ಕೂತಿದ್ದು ಈಗ ಹೊರಗೆ ಬಂದಿದೆ.”

“ಬಿರಡೆ ಬಿಚ್ಚಿ,” ಎನ್ನುತ್ತಾರೆ ಅಕ್ಕ.

“ಅದ್ಯಾಕಮ್ಮ? ಗೊತ್ತಾಯ್ತಲ್ಲ.”

“ನಂಗೆ ಗೊತ್ತಾಗಿಲ್ಲ. ಬಿಚ್ಚಿ.”

ಹಿಂಬದಿಯ ಬಿರಡೆ ಬಿಗಿಯಾಗಿ ಕೂತಿದೆ. ಇಬ್ಬರು ಹಿಡಿದು ತಿರುಗಿಸಬೇಕಾಗುತ್ತದೆ. ತೂತು ತೆರೆದಾಗ ಒಳಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅಷ್ಟರಲ್ಲಿ ಡಾಕ್ಟರು ಅಂಗಿಯ ಜೇಬಿನಿಂದ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ತೆಗೆಯುತ್ತಾರೆ. ರೋಗಿಯ ದವಡೆ ನೋಡುವ ಕನ್ನಡಿ. “ಮನೆಯಿಂದ ಹೊರಡೋವಾಗ ಜೇಬಲ್ಲೇ ಇತ್ತು,” ಎಂದು ಸಂಕೋಚದಿಂದ ನಗುತ್ತ, ತೂತಿನ ಬಾಯಿಗೆ ಹಿಡಿದು, ಫೋನಿನ ಬೆಳಕು ಬಿಟ್ಟು, ಅಭ್ಯಾಸಬಲದಿಂದ “ಇನ್ನೂ ಸ್ವಲ್ಪ ತೆಗೀರಿ” ಎಂದುಬಿಡುತ್ತಾರೆ. ಫಿಟ್ಟರೊಬ್ಬ ಮುಖ ತಿರುಗಿಸಿ ಕೆಮ್ಮುತ್ತಾನೆ.

ಒಳಗೋಡೆ ಹೊಳೆಯುತ್ತಿದೆ. ಅಕ್ಕ ಸಪೂರ ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ಒಳಗೆ ಹಾಕಿ, ತಿರುಗಿಸಿ, ತೆಗೆಯುತ್ತಾರೆ. ಹೊಸ ಎಣ್ಣೆಯ ಒದ್ದೆ, ಒಂದೆರಡು ಹಳದಿ ಚುಕ್ಕೆ. ಬೂದು ಬಣ್ಣದ ಗುರುತೇ ಇಲ್ಲ. ಕೈ ಮರೆತದ್ದನ್ನು ಕೈಯೇ ಮಾಡಿ ಮುಗಿಸಿತ್ತು.

ಅಕ್ಕ ಅಲ್ಲೇ ಮಗುಚಿಟ್ಟ ಡಬ್ಬದ ಮೇಲೆ ಕೂತುಬಿಡುತ್ತಾರೆ. ಯಾರೋ ನೀರು ತಂದುಕೊಡುತ್ತಾರೆ. ಕುಡಿದು, ಲೋಟ ಕೆಳಗಿಟ್ಟು, “ಕೂಲರ್ ಕತ್ತರಿಸಿ,” ಎನ್ನುತ್ತಾರೆ.

ಮೇಸ್ತ್ರಿಗೆ ಕೋಪ ಬರುತ್ತದೆ. “ಏನಮ್ಮಾ ನಿಂದು? ನಿನ್ನ ತಪ್ಪಿಲ್ಲ ಅಂತ ಆಯ್ತಲ್ಲ. ಹೋಗು, ತೊಟ್ಟಿ ಕಾಯ್ತಾ ಇದೆ.”

“ತೊಟ್ಟಿ ಕಾಯ್ಲಿ. ಕೂಲರ್ ತೊಳೆದಿದ್ದೂ ನಾನೇ ಅಲ್ವಾ? ಒಳಗೆ ಏನುಳೀತು ಅಂತ ನೋಡ್ಬೇಕು ನಂಗೆ.”

ಕತ್ತರಿಸಿದರೆ ಕೂಲರು ಗುಜರಿಗೆ. ಮೇಸ್ತ್ರಿ ಡಾಕ್ಟರ ಮುಖ ನೋಡುತ್ತಾರೆ. ಡಾಕ್ಟರು ಹೂಂ ಎನ್ನುತ್ತಾರೆ. ಎಂಜಿನ್ನಿಗೆ ಕಿಡಿ ಹಾರದಂತೆ ಕಾಂಪೌಂಡಿನ ಆಚೆ ಒಯ್ದು ಕತ್ತರಿಸುತ್ತಾರೆ. ಪೆಟ್ಟಿಗೆ ಎರಡು ಹೋಳಾಗಿ, ಜೇನುಗೂಡಿನಂಥ ಒಳಭಾಗ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಕೊಳವೆಗಳು ತಿರುವು ತೆಗೆದುಕೊಳ್ಳುವ ಮೂಲೆ ಮೂಲೆಯಲ್ಲಿ, ಕಪ್ಪು ಜಿಡ್ಡಿನಲ್ಲಿ ಅಂಟಿಕೊಂಡು, ಹಳದಿ ಚೂರುಗಳು ಕೂತಿವೆ. ತಣ್ಣಗಿನ ಡೀಸೆಲ್ಲಿಗೆ ಜಗ್ಗದೆ ಅಂಟಿಕೊಂಡಿದ್ದು, ಗುಡ್ಡ ಹತ್ತುವಾಗ ಎಣ್ಣೆ ಕುದಿಯುವಷ್ಟು ಬಿಸಿಯಾದ ಮೇಲೆ ಜಿಡ್ಡು ಕರಗಿ ಕೆಲವು ಎದ್ದು ಹೊರಟಿವೆ. ಎರಡು ದಿನವಲ್ಲ, ಎರಡು ತಿಂಗಳು ತೊಳೆದಿದ್ದರೂ ಇಷ್ಟೇ.

ಡಾಕ್ಟರು ಹೋಳನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. “ನಮ್ಮಲ್ಲೂ ಇದೇ ಕತೆ,” ಎನ್ನುತ್ತಾರೆ. “ಬೇರಲ್ಲಿ ಕೀವು ಬಿಟ್ಟು ಮೇಲೆ ಹೊಸ ಹಲ್ಲು ಕೂರಿಸ್ಬಾರ್ದು. ಯಾರಾದ್ರೂ ರೋಗಿ ‘ಅದೊಂದು ಖರ್ಚು ಬಿಡಿ ಡಾಕ್ಟ್ರೇ, ಸುಮ್ನೆ ಮುಚ್ಚಿ’ ಅಂದ್ರೆ ನಾನು ಬೈದು ಕಳಿಸ್ತೀನಿ. ಇಲ್ಲಿ ಆ ರೋಗಿ ನಾನೇ ಆದೆ ನೋಡಿ.”

“ನೀವು ಖರ್ಚು ಬೇಡ ಅಂದ್ರಿ, ನಾನು ಹೂಂ ಅಂದೆ,” ಎನ್ನುತ್ತಾರೆ ಮೇಸ್ತ್ರಿ. ಹೋಳನ್ನು ಡಾಕ್ಟರ ಕೈಯಿಂದ ತೆಗೆದು ಅಕ್ಕನ ಕೈಗೆ ಕೊಡುತ್ತಾರೆ. “ಇವಳು ಬೇಡ ಅಂದಿದ್ಲು. ಅದನ್ನ ನಿಮಗೆ ಹೇಳ್ಲಿಲ್ಲ ನಾನು.”

ಅಕ್ಕನಿಗೆ ಈ ಮಾತು ಹಬ್ಬದೂಟವಾಗಬೇಕಿತ್ತು. ಅವರು ಹೋಳಿನ ಮೂಲೆಯನ್ನು ಉಗುರಿನಿಂದ ಕೆರೆಯುತ್ತಿದ್ದಾರೆ. “ಬೇಡ ಅಂದೆ. ಆಮೇಲೆ ಬಟ್ಟೆ ಬಿಳಿ ಬಂತು ಅಂತ ನಾನೂ ಕೊಟ್ಟೆ,” ಎನ್ನುತ್ತಾರೆ. “ಕಣ್ಣಿಗೆ ಕಾಣದ ಜಾಗಕ್ಕೆ ಬಟ್ಟೆ ಸಾಕ್ಷಿ ಹೇಳ್ಬಾರ್ದು. ಇನ್ಮೇಲೆ ಎಂಜಿನ್ ಕೆಟ್ಟು ಬಂದ ಗಾಡಿಯ ಕೂಲರ್ ನನ್ನ ತೊಟ್ಟಿಗೆ ಬರ್ಬಾರ್ದು ಮೇಸ್ತ್ರಿ. ಬಂದ್ರೆ ಹೊರಗೆ ಎಸೀತೀನಿ.”

“ಎಸಿ ತಾಯಿ. ಗಿರಾಕಿ ತಲೆ ಮೇಲೆ ಮಾತ್ರ ಎಸೀಬೇಡ.”

ಖರ್ಚನ್ನು ಅವರವರೇ ಹಂಚಿಕೊಳ್ಳುತ್ತಾರೆ: ಹೊಸ ಕೂಲರು, ಬೇರಿಂಗು ಡಾಕ್ಟರದು, ಕೂಲಿ ಮೇಸ್ತ್ರಿಯದು. ಕತ್ತರಿಸಿದ ಹೋಳುಗಳಲ್ಲಿ ಒಂದು ಗುಜರಿಗೆ ಹೋಗುತ್ತದೆ. ಇನ್ನೊಂದನ್ನು ಅಕ್ಕ ಒಯ್ದು ಬ್ರಶ್ಶುಗಳ ಸಾಲಿನಲ್ಲಿ ಮೊಳೆಗೆ ತೂಗುಹಾಕುತ್ತಾರೆ. ಈಗ ಖರ್ಚು ಉಳಿಸಲು ಬರುವ ಗಿರಾಕಿಗಳನ್ನು ಮೇಸ್ತ್ರಿ ನೇರವಾಗಿ ಶೆಡ್ಡಿಗೇ ಕರೆತರುತ್ತಾರೆ. ಹೋಳನ್ನು ನೋಡಿದವರು ಹೆಚ್ಚು ಚೌಕಾಸಿ ಮಾಡುವುದಿಲ್ಲ. ಹಾಗಾಗಿ ಅಕ್ಕನ ಮುಖವೂ ಈಗ ನಾಲ್ಕು ಜನಕ್ಕೆ ಪರಿಚಯ.

*

ಹೊಸ ಕೂಲರು ಬಂದ ವಾರ. ಕ್ರ್ಯಾಂಕು ಮತ್ತೆ ಲೇತಿಗೆ ಹೋಗಿ ಬಂದಿದೆ. ಬ್ಲಾಕು ಬೆಳಗಿನಿಂದ ತೊಟ್ಟಿಯಲ್ಲಿದ್ದು, ಈಗ ಮೈಯೆಲ್ಲ ಎಣ್ಣೆ ಸವರಿಕೊಂಡು ಸ್ಟ್ಯಾಂಡಿನ ಮೇಲಿದೆ. ಈ ಸಲ ಕರೆಂಟು ಹೋಗಿಲ್ಲ. ಹೋದರೂ ಚಿಂತೆಯಿಲ್ಲ. ಬ್ರಶ್ಶು ಹಾಕಿದ ಪ್ರತಿ ತೂತಿನ ಪಕ್ಕದಲ್ಲೂ ಅಕ್ಕ ಗಂಡನ ಹೊಲಿಗೆ ಪೆಟ್ಟಿಗೆಯ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುತ್ತಾರೆ. ಒರೆಸಿ ಮುಗಿಸುವಾಗ ಗೆರೆಯೂ ಹೋಗುತ್ತದೆ.

ಎಂಜಿನ್ ಮುಚ್ಚುವುದನ್ನು ನೋಡಲು ಡಾಕ್ಟರು ಬಂದಿದ್ದಾರೆ. ಪುಟ್ಟ ಕನ್ನಡಿಯೊಂದನ್ನು ಅಕ್ಕನಿಗೆಂದೇ ಹೊಸದಾಗಿ ತಂದು ಕೊಟ್ಟಿದ್ದಾರೆ. ಅಕ್ಕ ಅದನ್ನು ಸೆರಗಿನಿಂದ ಒರೆಸಿ ಬ್ರಶ್ಶುಗಳ ಪಕ್ಕ ಸಿಕ್ಕಿಸಿದ್ದಾರೆ.

“ಬೇರೆ ಏನಾದ್ರೂ ಬೇಕಿದ್ರೆ ಕೇಳ್ಬಿಡಿ,” ಎನ್ನುತ್ತಾರೆ ಡಾಕ್ಟರು. “ಮೇಸ್ತ್ರಿ ಇಲ್ಲೇ ಇದಾರೆ. ಇವತ್ತು ಮೆತ್ತಗಿದಾರೆ.”

ಅಕ್ಕ ಯೋಚಿಸುತ್ತಾರೆ. ಸಂಬಳ ಕೇಳಬಹುದು, ಎರಡನೆಯ ತೊಟ್ಟಿ ಕೇಳಬಹುದು. ಅವರು ಕೇಳುವುದು ಇವೆರಡೂ ಅಲ್ಲ.

“ಶೆಡ್ಡಿಗೆ ಒಂದು ಕಿಟಕಿ ಬೇಕಿತ್ತು. ಟ್ಯೂಬ್‌ಲೈಟಿಗೆ ಎಲ್ಲಾ ಬಟ್ಟೆನೂ ಬಿಳೀನೇ ಕಾಣುತ್ತೆ. ಪ್ರತೀ ಸಲ ಬಟ್ಟೆ ಹಿಡ್ಕೊಂಡು ಅಂಗಳಕ್ಕೆ ಓಡ್ಬೇಕು. ಸೀಸೆ ಕಾರ್ಖಾನೇಲಿ ನಮಗೆ ದೊಡ್ಡ ಕಿಟಕಿ ಇತ್ತು.”

“ಕಿಟಕಿ ಇಟ್ರೆ ಧೂಳು ಬರುತ್ತಮ್ಮ,” ಎನ್ನುತ್ತಾರೆ ಮೇಸ್ತ್ರಿ.

“ಗಾಜು ಹಾಕ್ಸಿ.”

“ಗಾಜಿಗೆ ಎಣ್ಣೆ ಹಬೆ ಹಿಡಿಯುತ್ತೆ. ದಿನಾ ಯಾರು ಒರೆಸ್ತಾರೆ?”

“ಒರೆಸೋದಕ್ಕೆ ತಾನೇ ನನ್ನ ಇಟ್ಕೊಂಡಿರೋದು?”

ಫಿಟ್ಟರುಗಳು ನಗುತ್ತಾರೆ. ಮೇಸ್ತ್ರಿ ನಗುವುದಿಲ್ಲ, ಬೇಡವೆನ್ನುವುದೂ ಇಲ್ಲ. ಅಕ್ಕ ಎಂಜಿನ್ನಿನ ಒಳಮೈಯನ್ನು ಕೊನೆಯ ಸಲ ಒರೆಸಿ, ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿ, ಮೇಸ್ತ್ರಿಯ ಕೈಗೆ ಕೊಟ್ಟು, ಎಂದಿನಂತೆ ಬೆನ್ನು ತಿರುಗಿಸಿ ಶೆಡ್ಡಿನತ್ತ ನಡೆಯುತ್ತಾರೆ. ನಾಲ್ಕು ಹೆಜ್ಜೆ ಹೋದವರು ನಿಂತು ತಿರುಗಿ ನೋಡುತ್ತಾರೆ.

ಹಳದಿ ಬಟ್ಟೆ ಸ್ಟ್ಯಾಂಡಿನ ಕಂಬಿಯ ಮೇಲೆ ಹಾಗೆಯೇ ಮಡಚಿ ಬಿದ್ದಿದೆ. ಮೇಸ್ತ್ರಿ ಕನ್ನಡಕ ಕಳಚಿದ್ದಾರೆ. ಅಕ್ಕ ಕೊಟ್ಟ ಬಟ್ಟೆಯ ಎಣ್ಣೆ ತಾಗದ ಒಂದು ಮೂಲೆಯನ್ನು ಹುಡುಕಿ, ಗಾಜಿಗೆ ಬಾಯಿಂದ ಹಬೆ ಊದಿ, ಎರಡೂ ಕಡೆ ನಿಧಾನವಾಗಿ ಒರೆಸುತ್ತಾರೆ. ಕನ್ನಡಕ ಏರಿಸಿ, ಬಟ್ಟೆಯನ್ನು ಜೇಬಿನ ತಗಡಿನ ಡಬ್ಬಿಗೆ ಹಾಕಿ ಮುಚ್ಚಿ, ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.